ಲಿಬರ್ಟೇರಿಯನ್ ಅರ್ಥನೀತಿಯ ಮೇಲೆ ಚರ್ಚೆ: ವಿಷಯ ಕಟ್ಟುವುದರಿಂದ ಖಂಡನೆಯವರೆಗೆ

‘ಆರ್ಥಿಕ ವ್ಯವಹಾರದಿಂದ ಸರ್ಕಾರ ದೂರ ಇರಬೇಕು’ ಎಂಬ ಲಿಬರ್ಟೇರಿಯನ್ ನಿಲುವನ್ನೇ ವಿಷಯವಾಗಿ ಕೊಟ್ಟರೆ ಚರ್ಚೆ ಹೇಗೆ ಕೆಡುತ್ತದೆ ಎಂದು ಮೊದಲೇ ಹೇಳಬಹುದು. ಪರ ಮಾತಾಡುವವರು 1991ರ ಉದಾರೀಕರಣವನ್ನೂ ಅದಕ್ಕೆ ಮುಂಚೆ ಉದ್ಯಮಕ್ಕೆ ಹೆಜ್ಜೆಹೆಜ್ಜೆಗೂ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ಯವನ್ನೂ ಎತ್ತುತ್ತಾರೆ. ವಿರೋಧದವರು ಸರ್ಕಾರಿ ಶಾಲೆ, ಪಡಿತರ, ಆಸ್ಪತ್ರೆ ಅನ್ನುತ್ತಾರೆ. ಒಬ್ಬರು ಸೋವಿಯತ್ ಒಕ್ಕೂಟಕ್ಕೆ ಹೋದರೆ ಇನ್ನೊಬ್ಬರು ಸರ್ಕಾರವೇ ಕುಸಿದಿದ್ದ ಸೊಮಾಲಿಯಾಕ್ಕೆ. ಅರ್ಧ ಗಂಟೆ ಕಳೆದರೂ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಟ್ಟಿರುವುದಿಲ್ಲ. ಮಾತುಗಾರರು ಜಾಣರಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ವಿಷಯದಲ್ಲೇ ಹಿಡಿಯಲು ಏನೂ ಇಲ್ಲ. ಕಾಲೇಜು ಚರ್ಚಾ ಸ್ಪರ್ಧೆಯಾಗಲಿ, ಊರಿನ ಅಧ್ಯಯನ ಬಳಗವಾಗಲಿ, ತಯಾರಿ ವಿಷಯದ ವಾಕ್ಯದಿಂದಲೇ ಶುರುವಾಗಬೇಕು.

ವಿಷಯ ಕಟ್ಟುವುದು

ವಾಕ್ಯದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾವ ನಿಯಮ, ಎಲ್ಲಿ, ಯಾವಾಗಿನಿಂದ, ಅದರ ಜಾಗದಲ್ಲಿ ಏನು. ನಾಲ್ಕನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಜಗಳ ಹುಟ್ಟುವುದೂ ಅಲ್ಲೇ. ‘ಆಟೊ ದರದಲ್ಲಿ ಸರ್ಕಾರ ಕೈಹಾಕಬಾರದು’ ಎಂದರೆ ಸಾಲದು. ‘ಬೆಂಗಳೂರಿನಲ್ಲಿ ಆಟೊ ದರವನ್ನು ಸರ್ಕಾರ ನಿಗದಿ ಮಾಡುವುದನ್ನು ನಿಲ್ಲಿಸಿ, ಚಾಲಕರೇ ತಮ್ಮ ದರವನ್ನು ಗಾಡಿಯ ಮೇಲೆ ಬರೆದುಕೊಳ್ಳುವಂತೆ ಮಾಡಬೇಕು’ ಎಂದಾಗ ಎರಡೂ ಕಡೆಯವರಿಗೆ ನೆಲ ಸಿಗುತ್ತದೆ. ಬರೆದ ದರಕ್ಕೆ ಚಾಲಕ ಬದ್ಧನೇ? ರಾತ್ರಿ ಬಸ್ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರಿಗೆ ನಾಲ್ಕು ಗಾಡಿಗಳ ದರ ಹೋಲಿಸಿ ನೋಡುವ ಅವಕಾಶ ಇರುತ್ತದೆಯೇ? ಹೊಸಬರು ಪರವಾನಗಿ ಇಲ್ಲದೆ ಗಾಡಿ ಇಳಿಸಬಹುದೇ? ಕಡೆಯದಕ್ಕೆ ‘ಇಲ್ಲ’ ಎಂದರೆ ಅದು ಮುಕ್ತ ಮಾರುಕಟ್ಟೆಯೇ ಅಲ್ಲ, ದರ ಮಾತ್ರ ಬಿಟ್ಟ ಅರೆಬರೆ ವ್ಯವಸ್ಥೆ. ಪರ ತಂಡ ಇದನ್ನು ಮೊದಲೇ ಗಮನಿಸದಿದ್ದರೆ ಖಂಡನೆಯ ಸುತ್ತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ವಿಷಯವನ್ನು ಓದಿದವರು ‘ಇದು ಗೆದ್ದರೆ ನಾಳೆ ಇಂಥ ಆದೇಶ ರದ್ದಾಗುತ್ತದೆ’ ಎಂದು ಬೆರಳಿಟ್ಟು ತೋರಿಸಲು ಆಗಬೇಕು. ಆಗದಿದ್ದರೆ ಮತ್ತೆ ಬರೆಯಿರಿ.

ಎರಡು ವಾದಗಳನ್ನು ಬೇರ್ಪಡಿಸಿ

ಲಿಬರ್ಟೇರಿಯನ್ನರು ಹೇಳುವುದು ಒಂದಲ್ಲ, ಎರಡು. ಮೊದಲನೆಯದು ಹಕ್ಕಿನ ವಾದ: ನನ್ನ ದುಡಿಮೆ, ನನ್ನ ಆಸ್ತಿ, ನಾನು ಒಪ್ಪಿ ಮಾಡಿಕೊಂಡ ವ್ಯವಹಾರ ಇವುಗಳ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ, ಫಲ ಒಳ್ಳೆಯದಿರಲಿ ಕೆಟ್ಟದಿರಲಿ. ದುಡಿಮೆಯ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ ಎಂದು 1974ರಲ್ಲಿ ವಾದಿಸಿದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಈ ಕಡೆಯವರು. ಎರಡನೆಯದು ಫಲದ ವಾದ: ಯಾರಿಗೆ ಏನು ಬೇಕು, ಎಲ್ಲಿ ಕೊರತೆ ಇದೆ ಎಂಬ ತಿಳಿವಳಿಕೆ ಲಕ್ಷಾಂತರ ಜನರಲ್ಲಿ ಚದುರಿದೆ, ಅದನ್ನು ಬೆಲೆ ಒಟ್ಟುಗೂಡಿಸುತ್ತದೆ, ಕಚೇರಿಯಲ್ಲಿ ಕೂತ ಅಧಿಕಾರಿಗೆ ಅದು ಸಾಧ್ಯವಿಲ್ಲ. ಇದು ಅರ್ಥಶಾಸ್ತ್ರಜ್ಞ ಹಾಯೆಕ್ ಅವರ ನೆಲೆ. ಇದಕ್ಕೆ ಸೇರುವ ಇನ್ನೊಂದು ಬಲವಾದ ಮಾತು ಅರ್ಥಶಾಸ್ತ್ರಜ್ಞ ಜೇಮ್ಸ್ ಬ್ಯುಕನನ್ ಮತ್ತು ಅವರ ಸಂಗಡಿಗರಿಂದ ಬಂದದ್ದು: ಅಧಿಕಾರಿ, ರಾಜಕಾರಣಿ ಕೂಡ ಸ್ವಂತ ಲಾಭ ನೋಡುವ ಮನುಷ್ಯರೇ, ಸಬ್ಸಿಡಿಯ ಲಾಭ ಕೆಲವರಿಗೆ ಗಟ್ಟಿಯಾಗಿ ಸಿಗುತ್ತದೆ, ವೆಚ್ಚ ಎಲ್ಲರ ಮೇಲೆ ತೆಳ್ಳಗೆ ಹರಡುತ್ತದೆ, ಹಾಗಾಗಿ ಲಾಭ ಪಡೆದವರು ಸಂಘ ಕಟ್ಟಿ ಹೋರಾಡುತ್ತಾರೆ, ಹಣ ಕೊಟ್ಟವರು ಸುಮ್ಮನಿರುತ್ತಾರೆ.

ಹಕ್ಕಿನ ವಾದಕ್ಕೆ ಅಂಕಿಅಂಶದಿಂದ ಉತ್ತರ ಕೊಟ್ಟರೆ ಅದು ಉತ್ತರವೇ ಅಲ್ಲ. ಫಲದ ವಾದಕ್ಕೆ ‘ಇದು ಅಮಾನವೀಯ’ ಎಂದರೆ ಅದೂ ಅಲ್ಲ. ಎದುರಾಳಿ ಮಾತಾಡುವಾಗ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಹಕ್ಕು, ಬಲಕ್ಕೆ ಫಲ ಎಂದು ಬರೆದುಕೊಳ್ಳುತ್ತಾ ಹೋಗಿ. ಅಂಕಿ ಕೈಕೊಟ್ಟಾಗ ಹಕ್ಕಿಗೆ, ಹಕ್ಕಿನ ಮಾತು ಕಷ್ಟವಾದಾಗ ಅಂಕಿಗೆ ಎದುರಾಳಿ ಜಾರಿದರೆ ಹಾಳೆಯಲ್ಲಿ ಕಾಣಿಸುತ್ತದೆ. ಅದನ್ನು ಸಭೆಗೆ ತೋರಿಸುವುದೇ ಅರ್ಧ ಖಂಡನೆ.

ಹಕ್ಕಿನ ವಾದಕ್ಕೆ ಅದರ ಒಳಗಿನಿಂದಲೇ ಉತ್ತರ ಹುಡುಕಬೇಕು. ನೋಜಿಕ್ ಅವರ ಸಿದ್ಧಾಂತದಲ್ಲಿ ಆಸ್ತಿ ನ್ಯಾಯಯುತವಾಗಬೇಕಾದರೆ ಅದು ಮೊದಲು ನ್ಯಾಯವಾಗಿ ಕೈಗೆ ಬಂದಿರಬೇಕು, ಮುಂದೆ ಒಪ್ಪಿಗೆಯಿಂದಲೇ ಕೈಬದಲಾಗಿರಬೇಕು. ಹಿಂದೆ ಅನ್ಯಾಯ ನಡೆದಿದ್ದರೆ ಸರಿಪಡಿಸಬೇಕು. ಮೂರನೆಯ ಈ ಮಾತನ್ನು ನಮ್ಮಲ್ಲಿ ಪರ ಮಾತಾಡುವವರು ಬಿಟ್ಟುಬಿಡುತ್ತಾರೆ, ವಿರೋಧ ಮಾತಾಡುವವರಿಗೆ ಇದು ಗೊತ್ತೇ ಇರುವುದಿಲ್ಲ. ಜಾತಿಯ ಕಾರಣಕ್ಕೆ ತಲೆಮಾರುಗಳವರೆಗೆ ಭೂಮಿ ಹೊಂದಲು ಬಿಡದಿದ್ದ ಸಮಾಜದಲ್ಲಿ ‘ಇವತ್ತಿನ ಪಹಣಿಯಲ್ಲಿ ಹೆಸರಿದೆ, ಆದ್ದರಿಂದ ಹಕ್ಕು ಪೂರ್ಣ’ ಎನ್ನಲು ಸಿದ್ಧಾಂತವೇ ಅವಕಾಶ ಕೊಡುವುದಿಲ್ಲ. ಪರಿಶಿಷ್ಟರ ಜಮೀನು ಪರಭಾರೆ ತಡೆಯುವ ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆ ಇದಕ್ಕೆ ಒಳ್ಳೆಯ ಚರ್ಚಾವಿಷಯ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾಲೀಕನಿಗೆ ಮಾರುವ ಹಕ್ಕೇ ಇಲ್ಲದಿದ್ದರೆ ಅದೆಂಥ ಒಡೆತನ ಎಂದು ಒಂದು ಕಡೆ. ಕಷ್ಟಕ್ಕೆ ಸಿಕ್ಕವನ ಸಹಿ ಒಪ್ಪಿಗೆ ಹೇಗಾಗುತ್ತದೆ ಎಂದು ಇನ್ನೊಂದು ಕಡೆ. ಎರಡಕ್ಕೂ ತೂಕವಿದೆ.

ನಿಮ್ಮ ತಂಡ ಎಷ್ಟು ದೂರ ಹೋಗುತ್ತದೆ ಎಂಬುದನ್ನೂ ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡಿ. ಅರ್ಥಶಾಸ್ತ್ರಜ್ಞ ರಾತ್‌ಬಾರ್ಡ್ ಪೊಲೀಸು, ನ್ಯಾಯಾಲಯವೂ ಖಾಸಗಿಯಾಗಲಿ ಅಂದವರು. ನೋಜಿಕ್ ಅವೆರಡನ್ನೂ ದೇಶದ ರಕ್ಷಣೆಯನ್ನೂ ಸರ್ಕಾರಕ್ಕೆ ಬಿಟ್ಟರು. ಹಾಯೆಕ್ ಕನಿಷ್ಠ ಆದಾಯದ ಭರವಸೆಯನ್ನು ಒಪ್ಪಿದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಆದಾಯ ಕಡಿಮೆ ಇದ್ದವರಿಗೆ ತೆರಿಗೆ ಇಲಾಖೆಯೇ ನಗದು ಕೊಡಲಿ ಎಂದರು. ಇದನ್ನು ಹೇಳದೆ ಹೋದರೆ ಎದುರಾಳಿ ಅತಿ ದೂರದ ನೆಲೆಯನ್ನು ನಿಮ್ಮ ಬಾಯಿಗೆ ಹಾಕುತ್ತಾರೆ.

ಒಂದು ಅಂಕಿಯನ್ನು ಹತ್ತಿರದಿಂದ ಓದುವುದು: ಅರ್ಜೆಂಟೀನಾ

ಈಗ ಈ ಚರ್ಚೆಯಲ್ಲಿ ಅರ್ಜೆಂಟೀನಾ ಬರದೆ ಇರುವುದಿಲ್ಲ. ತಾನು ಲಿಬರ್ಟೇರಿಯನ್ ಎಂದೇ ಹೇಳಿಕೊಂಡ ಹಾವಿಯೆರ್ ಮಿಲೇ 2023ರ ಡಿಸೆಂಬರ್ 10ರಂದು ಅಧ್ಯಕ್ಷರಾದರು. ಅಲ್ಲಿನ ಅಂಕಿಅಂಶ ಸಂಸ್ಥೆ ಬಡತನದ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಕೊಡುತ್ತದೆ. 2023ರ ಎರಡನೇ ಅರ್ಧದಲ್ಲಿ ಶೇ 41.7. 2024ರ ಮೊದಲ ಅರ್ಧದಲ್ಲಿ ಶೇ 52.9. 2024ರ ಎರಡನೇ ಅರ್ಧದಲ್ಲಿ ಶೇ 38.1.

ಪರ ತಂಡ 52.9ರಿಂದ ಶುರುಮಾಡಿ ‘ಆರೇ ತಿಂಗಳಲ್ಲಿ ಸುಮಾರು 15 ಅಂಶ ಇಳಿಯಿತು’ ಅನ್ನುತ್ತದೆ. ವಿರೋಧ ತಂಡ 41.7ರಿಂದ ಶುರುಮಾಡಿ 52.9ಕ್ಕೆ ನಿಲ್ಲಿಸುತ್ತದೆ. ಇಬ್ಬರ ಅಂಕಿಯೂ ಸರಿ, ಇಬ್ಬರ ಓದೂ ತಪ್ಪು. ಮೂರನ್ನೂ ಸಾಲಾಗಿ ಇಟ್ಟು, ನಡುವೆ ಏನಾಯಿತು ಎಂದು ಕೇಳಬೇಕು. ಅಧಿಕಾರ ಹಿಡಿದ ಮೂರು ದಿನದೊಳಗೆ ಸರ್ಕಾರ ಅಲ್ಲಿನ ಹಣವಾದ ಪೆಸೊವಿನ ಬೆಲೆ ಇಳಿಸಿತು: ಡಾಲರಿಗೆ 366 ಪೆಸೊ ಇದ್ದ ಅಧಿಕೃತ ದರ 800ಕ್ಕೆ ಬಂತು. ಆಮದು ಸಾಮಾನಿನ ಬೆಲೆ ಒಮ್ಮೆಲೇ ಏರಿ, ಆ ತಿಂಗಳ ಹಣದುಬ್ಬರ ಶೇ 25.5ಕ್ಕೆ ಮುಟ್ಟಿತು. ಬೆಲೆ ನೆಗೆದಷ್ಟು ಬೇಗ ಸಂಬಳ ನೆಗೆಯಲಿಲ್ಲ, 52.9ರ ದೊಡ್ಡ ಕಾರಣ ಇದು. ಆಮೇಲೆ ತಿಂಗಳ ಹಣದುಬ್ಬರ ಇಳಿಯುತ್ತಾ 2024ರ ಡಿಸೆಂಬರಿಗೆ ಶೇ 2.7 ಆಯಿತು, ಸಂಬಳ ಸ್ವಲ್ಪ ಚೇತರಿಸಿಕೊಂಡಿತು, ಬಡತನ ಇಳಿಯಿತು.

ಇಲ್ಲಿಂದ ನಿಜವಾದ ಚರ್ಚೆ. ಪರ ತಂಡಕ್ಕೆ ಒಳ್ಳೆಯ ಮಾತು: ಹಿಂದಿನ ಸರ್ಕಾರ ಡಾಲರ್ ದರವನ್ನೂ ಅನೇಕ ಸಾಮಾನಿನ ಬೆಲೆಯನ್ನೂ ಅದುಮಿ ಹಿಡಿದಿತ್ತು, ಆದ್ದರಿಂದ 41.7 ಎಂಬ ಅಂಕಿಯೇ ನೋವನ್ನು ಕಡಿಮೆ ತೋರಿಸಿತ್ತು. 2023ರ ಇಡೀ ವರ್ಷದ ಹಣದುಬ್ಬರ ಶೇ 211.4 ಇತ್ತು ಎಂಬುದನ್ನು ಮರೆಯಬೇಡಿ. ವಿರೋಧ ತಂಡಕ್ಕೆ ಒಳ್ಳೆಯ ಮಾತು: ಬೆಲೆಸೂಚ್ಯಂಕದ ತೂಕಗಳು ಎರಡು ದಶಕ ಹಿಂದಿನ ಮನೆಖರ್ಚಿನ ಸಮೀಕ್ಷೆಯವು. ಕರೆಂಟು, ಗ್ಯಾಸು, ಬಸ್ಸಿನ ಸಬ್ಸಿಡಿ ಕಡಿತವಾದಾಗ ಮನೆಯ ಬಜೆಟ್ಟಿನ ಮೇಲೆ ಬಿದ್ದ ಹೊರೆ ಆ ಸೂಚ್ಯಂಕದಲ್ಲಿ ಪೂರ್ತಿ ಕಾಣುವುದಿಲ್ಲ. ಸರ್ಕಾರದ ಖರ್ಚು ಕಡಿತದ ದೊಡ್ಡ ಪಾಲು ಪಿಂಚಣಿಯ ನಿಜಮೌಲ್ಯ ಕುಸಿತದಿಂದ ಮತ್ತು ಸಾರ್ವಜನಿಕ ಕಾಮಗಾರಿ ನಿಲ್ಲಿಸಿದ್ದರಿಂದ ಬಂತು.

ಇದು ಲಿಬರ್ಟೇರಿಯನ್ ನೀತಿಯೇ ಎಂದೂ ಕೇಳಬೇಕು. ಅದೇ ಸರ್ಕಾರ ಶುರುವಿನಲ್ಲೇ ಆಮದಿನ ಮೇಲಿನ ಒಂದು ತೆರಿಗೆಯನ್ನು ಶೇ 7.5ರಿಂದ 17.5ಕ್ಕೆ ಏರಿಸಿತು. ಜನಸಾಮಾನ್ಯರು ಡಾಲರ್ ಕೊಳ್ಳುವುದರ ಮೇಲಿನ ನಿರ್ಬಂಧವನ್ನು 2025ರ ಏಪ್ರಿಲ್‌ವರೆಗೆ ಇಟ್ಟುಕೊಂಡಿತ್ತು. ತೆಗೆದಾಗ ಬೆನ್ನಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) 2,000 ಕೋಟಿ ಡಾಲರ್ ಸಾಲವಿತ್ತು. ಬಡ ಮಕ್ಕಳಿರುವ ಮನೆಗಳಿಗೆ ಕೊಡುವ ಭತ್ಯೆಯನ್ನು 2024ರ ಜನವರಿಯಲ್ಲಿ ದುಪ್ಪಟ್ಟು ಮಾಡಿತು. ಹಾಗಾದರೆ ಬಡತನ ಇಳಿದದ್ದು ಮಾರುಕಟ್ಟೆ ಬಿಟ್ಟದ್ದರಿಂದಲೋ, ವಿತ್ತೀಯ ಶಿಸ್ತಿನಿಂದಲೋ, ಭತ್ಯೆಯಿಂದಲೋ? ಮೂರೂ ಬೆರೆತಿವೆ. ಬೇರ್ಪಡಿಸಬೇಕಾದರೆ ಇಡೀ ದೇಶ ಬಿಟ್ಟು ಒಂದು ನಿಯಮಕ್ಕೆ ಬನ್ನಿ. ಬಾಡಿಗೆ ಒಪ್ಪಂದ ಕನಿಷ್ಠ ಮೂರು ವರ್ಷದ್ದಿರಬೇಕು ಎಂದಿದ್ದ 2020ರ ಕಾನೂನನ್ನು ಮಿಲೇ ಸುಗ್ರೀವಾಜ್ಞೆಯಲ್ಲಿ ರದ್ದು ಮಾಡಿದ ಮೇಲೆ ಬ್ಯೂನಸ್ ಐರಿಸ್‌ನಲ್ಲಿ ಬಾಡಿಗೆಗೆ ಸಿಗುವ ಮನೆಗಳು ಗಣನೀಯವಾಗಿ ಹೆಚ್ಚಿದವು. ಕಾರಣ–ಪರಿಣಾಮದ ದಾರಿ ಇಲ್ಲಿ ಚಿಕ್ಕದು, ವಾದ ಗಟ್ಟಿ. ಹಳೆಯ ಬಾಡಿಗೆದಾರರ ಒಪ್ಪಂದ ಮುಗಿದಾಗ ಅವರು ಎಲ್ಲಿ ಹೋದರು ಎಂಬುದು ವಿರೋಧದವರು ಕೇಳಬೇಕಾದ ಪ್ರಶ್ನೆ.

ಯಾವ ಅಂಕಿ ಕೈಗೆ ಬಂದರೂ ಇದೇ ಕ್ರಮ: ಹಿಂದಿನ ಅಂಕಿ, ಮುಂದಿನ ಅಂಕಿ, ನಡುವೆ ನಡೆದದ್ದು, ಎಣಿಸಿದವರು ಯಾರು, ಏನನ್ನು ಎಣಿಸಲಿಲ್ಲ.

ಕೈಯಲ್ಲಿರಬೇಕಾದ ಇನ್ನು ಕೆಲವು ಪ್ರಕರಣಗಳು

ಬಾಡಿಗೆ ನಿಯಂತ್ರಣಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊವನ್ನು ಬಿಟ್ಟು ಹೋಗಬೇಡಿ. 1994ರಲ್ಲಿ ಅಲ್ಲಿನ ಮತದಾರರು ಹಳೆಯ ಸಣ್ಣ ವಸತಿ ಕಟ್ಟಡಗಳಿಗೂ ನಿಯಂತ್ರಣ ವಿಸ್ತರಿಸಿದರು. ಒಂದೇ ನಗರ, ಒಂದೇ ಬಗೆಯ ಕಟ್ಟಡ, ಕಟ್ಟಿದ ವರ್ಷವಷ್ಟೇ ಬೇರೆ; ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞರ ಅಧ್ಯಯನದ ಪ್ರಕಾರ ನಿಯಂತ್ರಣಕ್ಕೆ ಒಳಪಟ್ಟ ಬಾಡಿಗೆದಾರರು ಅದೇ ವಿಳಾಸದಲ್ಲಿ ಉಳಿಯುವ ಸಾಧ್ಯತೆ ಶೇ 10ರಿಂದ 20ರಷ್ಟು ಹೆಚ್ಚಿತು. ಮಾಲೀಕರು ಮನೆಗಳನ್ನು ಮಾರಾಟಕ್ಕೆ ಮಾರ್ಪಡಿಸಿ ಬಾಡಿಗೆ ಮನೆಗಳನ್ನು ಶೇ 15ರಷ್ಟು ಇಳಿಸಿದರು. ನಗರದ ಬಾಡಿಗೆ ಶೇ 5.1ರಷ್ಟು ಏರಿತು. ಇದ್ದವರಿಗೆ ರಕ್ಷಣೆ, ಮುಂದೆ ಬರುವವರಿಗೆ ಹೊರೆ. ಯಾವ ತಂಡವೂ ಇದರ ಒಂದೇ ತುದಿ ಹಿಡಿಯಬಾರದು. ಹಿಡಿದರೆ ಇನ್ನೊಂದು ತುದಿಯಲ್ಲಿ ಎದುರಾಳಿ ಕಾಯುತ್ತಿರುತ್ತಾರೆ.

ತೆರಿಗೆ ಕಡಿತಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯ. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಸಹಿ ಹಾಕಿದ ಕಾನೂನು ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 6.45ರಿಂದ 4.9ಕ್ಕೆ ಇಳಿಸಿತು, ಪಾಲುದಾರಿಕೆಯಂಥ ಸಣ್ಣ ವ್ಯವಹಾರಗಳ ಲಾಭಕ್ಕೆ ತೆರಿಗೆಯನ್ನೇ ತೆಗೆಯಿತು. ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಮಂದಿ ತಮ್ಮ ಆದಾಯವನ್ನು ‘ವ್ಯವಹಾರದ ಲಾಭ’ ಎಂದು ತೋರಿಸಿಕೊಂಡರು. ಖಜಾನೆ ಬರಿದಾಯಿತು, ರಸ್ತೆಗೆ ಇಟ್ಟ ಹಣ ದಿನದ ಖರ್ಚಿಗೆ ಹೋಯಿತು, 2015ರಲ್ಲಿ ಮಾರಾಟ ತೆರಿಗೆಯನ್ನು ಶೇ 6.5ಕ್ಕೆ ಏರಿಸಬೇಕಾಯಿತು. ಅದು ಬಡವರಿಗೆ ಹೆಚ್ಚು ತಗಲುವ ತೆರಿಗೆ. 2017ರಲ್ಲಿ ಗವರ್ನರ್‌ರ ಸ್ವಂತ ಪಕ್ಷದ ಬಹುಮತವಿದ್ದ ಶಾಸನಸಭೆಯೇ ಅವರ ವೀಟೊ ಮೀರಿ ಕಡಿತವನ್ನು ಹಿಂತೆಗೆಯಿತು. ವಿರೋಧ ತಂಡ ಇಷ್ಟಕ್ಕೇ ಗೆದ್ದೆವು ಅಂದುಕೊಂಡರೆ ತಪ್ಪು. ಪರ ತಂಡದ ಉತ್ತರ ಸಿದ್ಧವಿದೆ: ಖರ್ಚು ಇಳಿಸದೆ ತೆರಿಗೆ ಇಳಿಸಿದರು, ಒಂದು ಬಗೆಯ ಆದಾಯಕ್ಕೆ ಮಾತ್ರ ವಿನಾಯಿತಿ ಕೊಟ್ಟರು, ಇವೆರಡೂ ನಮ್ಮ ನೀತಿಯಲ್ಲ. ಅದಕ್ಕೆ ಮರುಪ್ರಶ್ನೆ: ಹಾಗಿದ್ದರೆ ಯಾವ ಖರ್ಚು, ಶಾಲೆಯದೋ ರಸ್ತೆಯದೋ?

ಮುಕ್ತ ಮಾರುಕಟ್ಟೆಗೆ ಮಾದರಿ ಎಂದು ಹೇಳುವ ಚಿಲಿ ಮತ್ತು ಹಾಂಗ್‌ಕಾಂಗ್ ಎರಡನ್ನೂ ಎಚ್ಚರಿಕೆಯಿಂದ ಎತ್ತಿ. ಚಿಲಿಯಲ್ಲಿ 1981ರಲ್ಲಿ ಪಿಂಚಣಿ ಖಾಸಗಿಯಾದಾಗ ಸೇನೆ ತನ್ನ ಹಳೆಯ ಪಿಂಚಣಿಯನ್ನೇ ಉಳಿಸಿಕೊಂಡಿತು. ದೊಡ್ಡ ತಾಮ್ರದ ಕಂಪನಿ ಕೊಡೆಲ್ಕೊ ಸರ್ಕಾರದ್ದೇ ಆಗಿ ಉಳಿಯಿತು. 1982ರ ಕುಸಿತದ ಬಳಿಕ ಸರ್ಕಾರವೇ ಬ್ಯಾಂಕುಗಳನ್ನು ಕೈಗೆ ತೆಗೆದುಕೊಂಡಿತು. ಆಗ ಚಿಲಿಯನ್ನು ಆಳುತ್ತಿದ್ದ ಪಿನೊಚೆಟ್‌ನ ಸರ್ವಾಧಿಕಾರವನ್ನು ಹಕ್ಕಿನ ವಾದ ಮಾಡುವವರು ಉದಾಹರಣೆಗೆ ತಂದರೆ ಅವರ ವಾದವೇ ಕುಸಿಯುತ್ತದೆ. ಹಾಂಗ್‌ಕಾಂಗ್‌ನಲ್ಲಿ ತೆರಿಗೆ ಕಡಿಮೆ, ನಿಜ. ಆದರೆ ಅಲ್ಲಿನ ಭೂಮಿ ಬಹುತೇಕ ಪೂರ್ತಿ ಸರ್ಕಾರದ ಗುತ್ತಿಗೆ, ಜನಸಂಖ್ಯೆಯ ಅರ್ಧದ ಹತ್ತಿರ ಸರ್ಕಾರಿ ವಸತಿಯಲ್ಲಿದ್ದಾರೆ.

ನಮ್ಮ ನೆಲಕ್ಕೆ ತರುವಾಗ

ನ್ಯೂಜಿಲೆಂಡ್ 1984ರಲ್ಲಿ ಕೃಷಿ ಸಬ್ಸಿಡಿಗಳನ್ನು ಕಿತ್ತುಹಾಕಲು ಶುರುಮಾಡಿತು. ಸುಮಾರು 8,000 ಫಾರ್ಮುಗಳು ಮುಚ್ಚುತ್ತವೆ ಎಂಬ ಭಯವಿತ್ತು, ಒತ್ತಡಕ್ಕೆ ಸಿಕ್ಕು ಮಾರಾಟವಾದದ್ದು ಸುಮಾರು 800. ಕುರಿಗಳ ಸಂಖ್ಯೆ 1982ರ 7 ಕೋಟಿಯಿಂದ ಈಗ 3 ಕೋಟಿಗಿಂತ ಕೆಳಗೆ ಬಂದಿದೆ, ಹೈನು ಬೆಳೆಯಿತು, ಸಬ್ಸಿಡಿ ಆಸೆಗೆ ಬೆಟ್ಟದ ಮೇಲೆಲ್ಲ ಕುರಿ ಏರಿಸುವುದು ನಿಂತಿತು. ಪರ ತಂಡಕ್ಕೆ ಇದು ಅತ್ಯುತ್ತಮ ಪ್ರಕರಣ. ಹೈನು ಹೆಚ್ಚಿದಂತೆ ನದಿಗಳಿಗೆ ನೈಟ್ರೇಟ್ ಸೇರಿದ್ದು ಅದೇ ಕಥೆಯ ಮುಂದಿನ ಭಾಗ. ಹಸು ಸಾಕಿದವನು ಹೊಳೆಯ ವೆಚ್ಚ ಕೊಡಲಿಲ್ಲ.

ಇದನ್ನು ಕರ್ನಾಟಕಕ್ಕೆ ಹಾಗೇ ಎತ್ತಿಟ್ಟರೆ ಬಿದ್ದುಹೋಗುತ್ತದೆ. 2015–16ರ ಕೃಷಿ ಗಣತಿಯಂತೆ ನಮ್ಮ ಸರಾಸರಿ ಹಿಡುವಳಿ 1.36 ಹೆಕ್ಟೇರ್; ಅಲ್ಲಿಯದು ನೂರಾರು ಹೆಕ್ಟೇರ್. ಅಲ್ಲಿನ ರೈತ ಭೂಮಿಯ ಒಂದು ಭಾಗ ಮಾರಿ ಸಾಲ ತೀರಿಸಬಲ್ಲ, ಅಪಘಾತವಾದರೆ 1974ರಿಂದ ನಡೆಯುತ್ತಿರುವ ಸರ್ಕಾರಿ ವಿಮೆ ಇದೆ. ಹಾಗೆಂದು ಹೋಲಿಕೆಯನ್ನೇ ಕೈಬಿಡಬೇಕಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಇರುವಲ್ಲಿ ನೀರಿಗೆ ಬೆಲೆಯೇ ಇಲ್ಲದಂತಾಗುತ್ತದೆ, ಕೋಲಾರದಂಥ ಕಡೆ ಕೊಳವೆಬಾವಿ ಇಳಿಯುತ್ತಲೇ ಹೋಗುತ್ತದೆ ಎಂಬ ತರ್ಕ ಹಿಡುವಳಿಯ ಗಾತ್ರ ನೋಡುವುದಿಲ್ಲ. ಅಂದರೆ ಪ್ರಕರಣವನ್ನು ತರುವಾಗ ಅದರ ಕಾರಣದ ಸರಪಳಿಯನ್ನು ಬಿಡಿಸಿ, ಯಾವ ಕೊಂಡಿ ಇಲ್ಲಿಗೂ ಹೊಂದುತ್ತದೆ, ಯಾವುದು ಇಲ್ಲ ಎಂದು ಹೇಳಬೇಕು. ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆದಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದದ್ದೂ ಹೀಗೆ ಬಿಡಿಸಿ ನೋಡಲು ತಕ್ಕ ವಿಷಯ: ಮಾರುವ ರೈತನಿಗೆ ಕೊಳ್ಳುವವರು ಹೆಚ್ಚಿದರು, ಕೊಳ್ಳಬೇಕೆಂದಿದ್ದ ಪಕ್ಕದ ಸಣ್ಣ ರೈತನಿಗೆ ಪೈಪೋಟಿಯೂ ಹೆಚ್ಚಿತು.

ಚೀಟಿ, ಗಡಿಯಾರ, ಖಂಡನೆ

ಪ್ರತಿ ಪ್ರಕರಣಕ್ಕೂ ಒಂದು ಚೀಟಿ. ಎದುರು ಬದಿಯಲ್ಲಿ ಒಂದು ವಾಕ್ಯದ ವಾದ, ಅಂಕಿ, ವರ್ಷ, ಎಣಿಸಿದವರು. ಹಿಂಬದಿಯಲ್ಲಿ ಎದುರಾಳಿಯ ಅತಿ ಬಲವಾದ ಉತ್ತರ. ಹಿಂಬದಿ ಖಾಲಿ ಇರುವ ಚೀಟಿಯನ್ನು ವೇದಿಕೆಗೆ ಒಯ್ಯಬೇಡಿ. ಎಂಟು ಚೀಟಿ ಸಾಕು. ಹೆಚ್ಚಾದರೆ ಹುಡುಕುವುದರಲ್ಲೇ ಸಮಯ ಹೋಗುತ್ತದೆ.

ನಾಲ್ಕು ನಿಮಿಷದ ಮಾತಿಗೆ ಸುಮಾರು 380 ಪದ ಬರೆದುಕೊಳ್ಳಿ. 30 ಸೆಕೆಂಡು ನಿಮ್ಮ ನೆಲೆ ಮತ್ತು ಮಿತಿ. 90 ಸೆಕೆಂಡು ಮುಖ್ಯ ವಾದ, ಒಂದೇ ಪ್ರಕರಣದೊಂದಿಗೆ. 60 ಸೆಕೆಂಡು ಎರಡನೇ ವಾದ. ಉಳಿದ 60 ಸೆಕೆಂಡು ಪೂರ್ತಿ ಎದುರಾಳಿಗೆ ಉತ್ತರ. ಹೊಸಬರು ಈ ಕಡೆಯ ನಿಮಿಷವನ್ನು ಇನ್ನೊಂದು ಪ್ರಕರಣಕ್ಕೆ ಖರ್ಚು ಮಾಡುತ್ತಾರೆ. ತೀರ್ಪುಗಾರರಿಗೆ ಅದು ತಪ್ಪಿಸಿಕೊಂಡಂತೆ ಕಾಣುತ್ತದೆ.

ಖಂಡಿಸುವ ಮುನ್ನ ಎದುರಾಳಿಯ ವಾದವನ್ನು ನಿಮ್ಮ ಮಾತಿನಲ್ಲಿ ಹೇಳಿ, ಅವರು ‘ಹೌದು, ಅದನ್ನೇ ಹೇಳಿದ್ದು’ ಎಂದು ಒಪ್ಪುವ ಹಾಗೆ. ಅಧ್ಯಯನ ಬಳಗದಲ್ಲಿ ಇದನ್ನು ಕಡ್ಡಾಯ ಮಾಡಬಹುದು: ಒಪ್ಪಿಗೆ ಸಿಗುವವರೆಗೆ ಖಂಡನೆ ಶುರುವಾಗುವಂತಿಲ್ಲ. ಕನಿಷ್ಠ ವೇತನದ ಚರ್ಚೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಗಂಟೆಯ ಕನಿಷ್ಠ ವೇತನ 4.25ರಿಂದ 5.05 ಡಾಲರಿಗೆ ಏರಿದಾಗ ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಅಲ್ಲಿನ ಮತ್ತು ಪಕ್ಕದ ಪೆನ್ಸಿಲ್ವೇನಿಯಾದ ಒಟ್ಟು 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ, ಕೆಲಸ ಕಡಿಮೆಯಾಗಲಿಲ್ಲ ಎಂದು ಕಂಡರು. ‘ಆದ್ದರಿಂದ ಎಷ್ಟು ಏರಿಸಿದರೂ ತೊಂದರೆ ಇಲ್ಲ’ ಎಂದು ಅವರು ಹೇಳಲಿಲ್ಲ. ಮುಕ್ತ ಮಾರುಕಟ್ಟೆಯ ಪರ ತಂಡ ಆ ಉತ್ಪ್ರೇಕ್ಷೆಯನ್ನು ಖಂಡಿಸಿ ಗೆದ್ದಂತೆ ಬೀಗಿದರೆ, ವಿರೋಧ ತಂಡ ಒಂದೇ ವಾಕ್ಯದಲ್ಲಿ ಅದನ್ನು ಬಿಡಿಸಿಬಿಡುತ್ತದೆ.

ಚರ್ಚೆ ನಡೆಸಿಕೊಡುವವರಿಗೆ ಮೂರು ಕಡೆ ಗಂಟೆ ಬಾರಿಸುವ ಅಧಿಕಾರ ಕೊಡಿ: ವರ್ಷ ಹೇಳದೆ ಅಂಕಿ ಹೇಳಿದಾಗ, ಎದುರಾಳಿಯ ಜಾತಿ, ಪಕ್ಷ, ಸಂಬಳ ಎತ್ತಿದಾಗ, ಮತ್ತು ‘ಅದು ನಿಜವಾದ ಮುಕ್ತ ಮಾರುಕಟ್ಟೆ ಅಲ್ಲ’ ಅಥವಾ ‘ಅದು ನಿಜವಾದ ಕಲ್ಯಾಣ ರಾಜ್ಯ ಅಲ್ಲ’ ಎಂದು ಎರಡನೇ ಸಲ ಹೇಳಿದಾಗ. ಈ ಮಾತನ್ನು ಒಂದು ಸಲ ಹೇಳಬಹುದು, ಯಾವ ಅಂಶ ಬೇರೆ ಎಂದು ತೋರಿಸಿ. ಎರಡನೇ ಸಲಕ್ಕೆ, ಯಾವ ದೇಶದ ಯಾವ ವರ್ಷ ತಮ್ಮ ವಾದದ ಪರೀಕ್ಷೆಯಾಗಲು ತಯಾರು ಎಂದು ಆ ತಂಡ ಅಲ್ಲೇ ಹೇಳಬೇಕು.